ಇಂಧನ ಸಚಿವರಿಗೆ ಇಂಡಿಯ ಲಿಂಬೆ ತೋಟದಿಂದ: ಮಿಕ್ಕ ಬಿಸಿಲನ್ನೂ ಕೊಂಡುಕೊಳ್ಳಿ

ಕರ್ನಾಟಕ ಸರ್ಕಾರದ ಮಾನ್ಯ ಇಂಧನ ಸಚಿವರಿಗೆ,

ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಬ್ಬ ಲಿಂಬೆ ಬೆಳೆಗಾರನ ನಮಸ್ಕಾರಗಳು.

ಸರ್, 2023ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಹಗ್ಗದಿಂದ ಕಟ್ಟಿ, ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ವಿದ್ಯುತ್ ಉಪಕೇಂದ್ರಕ್ಕೆ ತಂದರು. ರಾತ್ರಿ ಕರೆಂಟ್ ಕೊಡುತ್ತೀರಿ, ಕತ್ತಲಲ್ಲಿ ನೀರು ಹಾಯಿಸಲು ಹೋದಾಗ ಇದು ಹಿಡಿದರೆ ಯಾರು ಹೊಣೆ ಎಂದು ಅವರು ಕೇಳಿದ್ದರು. ಅನೇಕರು ಆ ಫೋಟೊ ನೋಡಿ ನಕ್ಕರು. ನಮಗೆ ನಗು ಬರಲಿಲ್ಲ. ನಮ್ಮಲ್ಲಿ ಮೊಸಳೆ ಇಲ್ಲದಿರಬಹುದು, ಹಾವು ಚೇಳು ಇವೆ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಒತ್ತುವ ಭಯ ಇದೆ. ರಾತ್ರಿ ಪಾಳಿಯ ವಾರ ಬಂತೆಂದರೆ ಹೊಲಕ್ಕೆ ಹೋದವರು ವಾಪಸ್ ಬರುವ ತನಕ ಮನೆಯ ಹೆಣ್ಣುಮಕ್ಕಳು ನಿದ್ದೆ ಮಾಡುವುದಿಲ್ಲ.

ರೋಣಿಹಾಳದಿಂದ ಬಹಳ ದೂರವೇನಿಲ್ಲ, ಕೂಡಗಿಯಲ್ಲಿ 2,400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇದೆ. ಆಲಮಟ್ಟಿಯಲ್ಲಿ 290 ಮೆಗಾವಾಟ್‌ನ ಜಲವಿದ್ಯುತ್ ಕೇಂದ್ರ ಇದೆ. ಇಷ್ಟು ಕರೆಂಟ್ ಹುಟ್ಟುವ ಜಿಲ್ಲೆಯಲ್ಲಿ ರೈತ ಹಗಲಿನ ಏಳು ತಾಸಿನ ತ್ರೀ ಫೇಸ್‌ಗಾಗಿ ಕಾಯುತ್ತಾ ಕೂರುವುದು ನ್ಯಾಯವಲ್ಲ. ಇದನ್ನು ಹೊಸದಾಗಿ ನಿಮಗೆ ಹೇಳಬೇಕಿಲ್ಲ. ರೈತರ ಪಂಪ್‌ಗಳಿಗೆ ಸೌರ ವಿದ್ಯುತ್ ಕೊಡುವ ಕೇಂದ್ರದ ಪಿಎಂ ಕುಸುಮ್ ಯೋಜನೆಯಲ್ಲಿ ರಾಜ್ಯ ಕೈಹಾಕಿರುವುದೇ ಇದಕ್ಕಾಗಿ ಅಂತ ನನಗೆ ಗೊತ್ತಿದೆ. ಸೌರ ಪಂಪ್‌ಸೆಟ್‌ಗೆ ಕೇಂದ್ರದ ಸಬ್ಸಿಡಿ 30 ಪರ್ಸೆಂಟ್. ರಾಜ್ಯ ತನ್ನ ಪಾಲನ್ನು 30ರಿಂದ 50ಕ್ಕೆ ಏರಿಸಿತು. ರೈತನ ಪಾಲು 20ಕ್ಕೆ ಇಳಿಯಿತು. ಇದು ಒಳ್ಳೆಯ ಕೆಲಸ. ಅದರ ಲಾಭ ಪಡೆದವರಲ್ಲಿ ನಾನೂ ಒಬ್ಬ. ಹಾಗಾಗಿ ಈ ಪತ್ರದಲ್ಲಿ ಬರೀ ದೂರು ಇಲ್ಲ. ಆ ಯೋಜನೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಿರಿ ಅಂತ ಕೇಳಲು ಬರೆಯುತ್ತಿದ್ದೇನೆ.

ನನ್ನ ತೋಟದ ಸ್ಥಿತಿ ಮೊದಲು ಹೇಳುತ್ತೇನೆ. ಅಣ್ಣನ ಹೊಲ, ನನ್ನ ಹೊಲ ಅಕ್ಕಪಕ್ಕ ಇವೆ. ಅಣ್ಣನದು ಹಳೆಯ ಬೋರು, ಕರೆಂಟ್ ಮೋಟರ್. ನಾನು ಆಮೇಲೆ ಬೋರು ಹಾಕಿಸಿದೆ. ಅಷ್ಟರಲ್ಲಿ ನಿಯಮ ಬದಲಾಗಿತ್ತು. ಹೊಸ ಸಂಪರ್ಕ ಬೇಕಾದರೆ ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲದರ ಖರ್ಚು ರೈತನದೇ. ಆ ದುಡ್ಡನ್ನು ಲೆಕ್ಕ ಹಾಕಿ ನೋಡಿದ ಮೇಲೆ 5 ಎಚ್‌ಪಿ ಸೌರ ಪಂಪ್‌ಗೆ ಅರ್ಜಿ ಹಾಕಿದೆ. ಈಗ 4.8 ಕಿಲೊವಾಟ್ ಪ್ಯಾನಲ್‌ಗಳು ತೋಟದ ದಕ್ಷಿಣದ ಮಡ್ಡಿಯ ಮೇಲೆ ನಿಂತಿವೆ. ಮೊದಲಿದ್ದ ಭಯ ಹೋಗಿದೆ. ಬೆಳಿಗ್ಗೆ ಎಂಟು, ಎಂಟೂವರೆಗೆ ನೀರು ಬರಲು ಶುರುವಾಗುತ್ತದೆ, ಮಧ್ಯಾಹ್ನ ಜೋರಾಗುತ್ತದೆ, ಸಂಜೆ ಐದರ ಹೊತ್ತಿಗೆ ತಾನೇ ನಿಲ್ಲುತ್ತದೆ. ಡ್ರಿಪ್ ಪೈಪು ಎಲ್ಲಿ ಒಡೆದಿದೆ, ಯಾವ ಗಿಡಕ್ಕೆ ನೀರು ತಲುಪಿಲ್ಲ ಅನ್ನೋದು ಕಣ್ಣಿಗೆ ಕಾಣುತ್ತದೆ. ರಾತ್ರಿ ಹಾಯಿಸಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಒಂದು ಮೂಲೆಯಲ್ಲಿ ನೀರು ಹರಿದು ಹಳ್ಳ ಸೇರಿದ್ದು ಬೆಳಿಗ್ಗೆಯೇ ತಿಳಿಯುವುದು.

ಲಿಂಬೆಗೂ ಬಿಸಿಲಿಗೂ ಒಳ್ಳೆಯ ಹೊಂದಾಣಿಕೆ ಇದೆ. ಮಾರ್ಚ್‌ನಿಂದ ಮೇ ತನಕ ಗಿಡ ನೀರಿಗಾಗಿ ಬಾಯಿ ಬಿಡುತ್ತದೆ, ಅದೇ ತಿಂಗಳಲ್ಲಿ ಹಣ್ಣಿಗೆ ದರ ಇರುತ್ತದೆ, ಅದೇ ತಿಂಗಳಲ್ಲಿ ಬಿಸಿಲೂ ಕೆಂಡದಂತೆ ಇರುತ್ತದೆ. ಬಿಸಿಲು ಜಾಸ್ತಿ ಆದಷ್ಟೂ ಕರೆಂಟ್ ಜಾಸ್ತಿ ಅಂತ ಊರಲ್ಲಿ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಪ್ಯಾನಲ್‌ಗೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಆಗಿಬರುವುದಿಲ್ಲ. ಪ್ಯಾನಲ್ ಮೇಲೆ ಬರೆದ ವಾಟ್ ಲೆಕ್ಕ 25 ಡಿಗ್ರಿಯದು. ನಮ್ಮ ಏಪ್ರಿಲ್‌ನಲ್ಲಿ ಗಾಜಿನ ಕಾವು 60 ಡಿಗ್ರಿ ಮುಟ್ಟಿದಾಗ ಉತ್ಪಾದನೆ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಇಳಿಯುತ್ತದೆ. ಮೇಲೆ ಕರಿಮಣ್ಣಿನ ಧೂಳು ಬೇರೆ. ಆಗಾಗ ಬೆಳಗಿನ ತಂಪಿನಲ್ಲಿ ಒರೆಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರಿಯಬಾರದು. ಇದನ್ನು ಸೌರ ಪಂಪ್ ತೆಗೆದುಕೊಳ್ಳುವ ಪ್ರತಿ ರೈತನಿಗೂ ಯಾರಾದರೂ ಹೇಳಿಕೊಡಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಲಿಂಬೆ ಬೆಳೆಯುವವರು ಹಸ್ತ ಬಹಾರ, ಅಂದರೆ ಹಸ್ತ ಮಳೆಯ ಹೊತ್ತಿನ ಹೂವಿನ ಹಂಗಾಮು ಹಿಡಿಯುತ್ತೇವೆ. ಬೇಸಿಗೆಯಲ್ಲಿ ಹಣ್ಣು ಬರಬೇಕೆಂದರೆ ಅಕ್ಟೋಬರ್, ನವೆಂಬರ್‌ನಲ್ಲಿ ಹೂವು ಬರಬೇಕು. ಹೂವು ಬರಬೇಕೆಂದರೆ ಅದಕ್ಕೂ ಮುಂಚೆ ಗಿಡವನ್ನು ಬಾಡಿಸಬೇಕು. ಅಂದರೆ ನೀರು ಬಂದ್. ಬೋರಿನಲ್ಲಿ ನೀರಿದ್ದರೂ ಮೋಟರ್ ಹಚ್ಚುವ ಹಾಗಿಲ್ಲ. ಅದಕ್ಕೆ ಮೊದಲು ಮಳೆಗಾಲ. ಮೋಡ ಇರುತ್ತದೆ ನಿಜ, ಆದರೆ ಇಂಡಿಯ ಮಳೆಗಾಲ ಮಲೆನಾಡಿನದಲ್ಲ. ಮಳೆ ಬಿದ್ದು ಹೋದ ಮೇಲೆ ದಿನಗಟ್ಟಲೆ ಬಿಸಿಲು ಬೀಳುತ್ತದೆ. ನೆಲ ಹಸಿಯಾಗಿರುವುದರಿಂದ ಮೋಟರ್ ಬೇಡ. ಇನ್ನು ಡ್ರಿಪ್ ಇದ್ದವರು ಬೇಸಿಗೆಯಲ್ಲೂ ಇಡೀ ದಿನ ಹಚ್ಚುವುದಿಲ್ಲ. ಎಲ್ಲ ಕೂಡಿಸಿ ನೋಡಿದರೆ ವರ್ಷದಲ್ಲಿ ಸುಮಾರು ಅರ್ಧದಷ್ಟು ಬಿಸಿಲು ನನ್ನ ಪ್ಯಾನಲ್ ಮೇಲೆ ಸುಮ್ನೆ ಬಿದ್ದು ಹೋಗುತ್ತದೆ.

4.8 ಕಿಲೊವಾಟ್ ಪ್ಯಾನಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 20 ಯೂನಿಟ್ ಕೊಡಬಲ್ಲದು. ಹಾಗೆ 180 ದಿನ ಅಂತ ಇಟ್ಟುಕೊಳ್ಳಿ. 3,600 ಯೂನಿಟ್. ಯೂನಿಟ್‌ಗೆ 3 ರೂಪಾಯಿ ಹಿಡಿದರೂ ವರ್ಷಕ್ಕೆ 10,800 ರೂಪಾಯಿ. ನಿಮಗೆ ಇದು ಸಣ್ಣ ಮೊತ್ತ ಅನ್ನಿಸಬಹುದು. ಮಳೆಗಾಲದಲ್ಲಿ ಒಂದು ಡಾಗ್ (ಮೂಟೆ) ಲಿಂಬೆಯ ದರ ಕೊಯ್ಲಿನ ಕೂಲಿಗೂ ಸಾಲದಷ್ಟು ಬಿದ್ದಾಗ, ಹಣ್ಣನ್ನು ಗಿಡದ ಕೆಳಗೇ ಬಿಟ್ಟು ಬಂದ ರೈತನಿಗೆ ಇದು ಸಣ್ಣದಲ್ಲ. ಮಳೆ ಬರಲಿ ಬಿಡಲಿ, ದರ ಏರಲಿ ಇಳಿಯಲಿ, ವರ್ಷವರ್ಷವೂ ಬರುವ ದುಡ್ಡು ಇದು. ಅಂಥ ಆದಾಯ ನಮ್ಮ ಒಣಬೇಸಾಯದಲ್ಲಿ ಬೇರೆ ಯಾವುದಿದೆ ಹೇಳಿ?

ಆದರೆ ಆ ಯೂನಿಟ್‌ಗಳನ್ನು ಮಾರಲು ನನಗೆ ದಾರಿಯೇ ಇಲ್ಲ. ವಿದ್ಯುತ್ ಲೈನ್ ನನ್ನ ಹೊಲದ ಬದುವಿನ ಮೇಲೇ ಹಾದು ಹೋಗಿದೆ. ನನ್ನ ಪ್ಯಾನಲ್‌ಗೂ ಅದಕ್ಕೂ ಸಂಬಂಧವಿಲ್ಲ. ಅತ್ತ ಇಂಡಿ ಪಟ್ಟಣದಲ್ಲಿ, ವಿಜಯಪುರದಲ್ಲಿ ಮನೆಯ ಮಾಳಿಗೆ ಮೇಲೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸೋಲಾರ್ ಹಾಕಿಸಿದವರು ಖರ್ಚಾಗದೆ ಉಳಿದ ಕರೆಂಟನ್ನು ಲೈನಿಗೆ ಬಿಡುತ್ತಾರೆ. ಅದು ಅವರ ಲೆಕ್ಕಕ್ಕೆ ಜಮಾ ಆಗುತ್ತದೆ. ಅವರಿಗೆ ಸಿಕ್ಕಿದ್ದು ಸರಿಯೇ. ನನ್ನ ಪ್ರಶ್ನೆ ಇಷ್ಟು: ಮಾಳಿಗೆ ಮೇಲಿನ ಬಿಸಿಲಿಗೆ ಬೆಲೆ ಇದ್ದರೆ ಹೊಲದ ಬಿಸಿಲಿಗೆ ಯಾಕೆ ಇರಬಾರದು?

ಸರ್, ಇದು ಬರೀ ರೈತನ ಜೇಬಿನ ಮಾತಲ್ಲ. ನೀರಿನ ಮಾತು ಕೂಡ. ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇರುವುದು ಇಲ್ಲಿಯೇ. ನಮ್ಮಪ್ಪನ ಕಾಲಕ್ಕೆ ತೆರೆದ ಬಾವಿಯಲ್ಲಿ ನೀರಿತ್ತು. ಈಗ ನಮ್ಮ ಸುತ್ತ ಎಂಟುನೂರು, ಸಾವಿರ ಅಡಿ ಕೊರೆಸಿದವರಿದ್ದಾರೆ. ಏಳು ತಾಸಿನ ಕರೆಂಟ್ ನಮ್ಮನ್ನು ಗೋಳು ಹೊಯ್ದುಕೊಂಡಿತು ನಿಜ, ಆದರೆ ಅದು ಬೋರಿಗೆ ಒಂದು ಬಿಡುವನ್ನೂ ಕೊಟ್ಟಿತ್ತು. ಸೌರ ಪಂಪ್‌ಗೆ ಪಾಳಿ ಇಲ್ಲ, ಬಿಲ್ ಇಲ್ಲ. ಬಿಸಿಲು ಬಿದ್ದ ದಿನವೆಲ್ಲ ನೀರು ಎತ್ತಬಹುದು. ಎತ್ತಿದ ಒಂದೊಂದು ಹನಿಗೂ ಖರ್ಚು ಸೊನ್ನೆ. ಹೀಗಿದ್ದಾಗ ಮೋಟರ್ ಬಂದ್ ಮಾಡಲು ರೈತನಿಗೆ ಕಾರಣವೇ ಉಳಿಯುವುದಿಲ್ಲ. ಬೇಡದ ಹೊತ್ತಿನಲ್ಲೂ ಕೃಷಿ ಹೊಂಡಕ್ಕೆ ತುಂಬಿಸಿಡೋಣ, ಪಕ್ಕದವರಿಗೆ ಮಾರೋಣ, ಇನ್ನೊಂದು ಎಕರೆ ಕಬ್ಬು ಹಚ್ಚೋಣ ಅನ್ನಿಸುತ್ತದೆ. ಭೂಮಿಯೊಳಗಿನ ನೀರು ಖಾಲಿಯಾದರೆ 25 ವರ್ಷ ಬಾಳುವ ಪ್ಯಾನಲ್ ತೆಗೆದುಕೊಂಡು ನಾನೇನು ಮಾಡಲಿ?

ಅದೇ ರೈತನಿಗೆ ಉಳಿಸಿದ ಯೂನಿಟ್‌ಗೆ ದುಡ್ಡು ಬರುತ್ತದೆ ಅಂದರೆ ಲೆಕ್ಕ ಬದಲಾಗುತ್ತದೆ. ಈ ತಾಸು ನೀರು ಎತ್ತಿದರೆ ಲಾಭವೋ, ಕರೆಂಟ್ ಮಾರಿದರೆ ಲಾಭವೋ ಅಂತ ಯೋಚಿಸುತ್ತಾನೆ. ಡ್ರಿಪ್‌ನ ಕಸ ತೆಗೆಸುತ್ತಾನೆ, ಗಿಡದ ಬುಡಕ್ಕೆ ಹೊದಿಕೆ ಹಾಕುತ್ತಾನೆ. ನೀರು ಉಳಿಸಿ ಅಂತ ಇಲಾಖೆಯವರು ಗೋಡೆಗೆ ಬರೆಸುವ ಸಾಲುಗಳಿಂದ ಆಗದ ಕೆಲಸ ಒಂದು ಮೀಟರ್‌ನಿಂದ ಆಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವೇನಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಢುಂಡಿ ಅಂತ ಒಂದು ಹಳ್ಳಿ ಇದೆ. ಅಲ್ಲಿ ಆರು ಮಂದಿ ಸಣ್ಣ ರೈತರು ಕೂಡಿ ಸೌರ ಪಂಪ್‌ಗಳ ಸಹಕಾರಿ ಸಂಘ ಕಟ್ಟಿದರು. ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯವರು ಬೆನ್ನಿಗೆ ನಿಂತರು. ಎಲ್ಲರ ಪ್ಯಾನಲ್‌ಗಳ ಮಿಕ್ಕ ಕರೆಂಟ್ ಒಂದು ಕಡೆ ಕೂಡಿ ಲೈನಿಗೆ ಸೇರುತ್ತದೆ. 2016ರಿಂದ ವಿದ್ಯುತ್ ಕಂಪನಿ ಅದನ್ನು ಯೂನಿಟ್‌ಗೆ 4 ರೂಪಾಯಿ 63 ಪೈಸೆಯಂತೆ ಕೊಳ್ಳಲು 25 ವರ್ಷದ ಕರಾರು ಮಾಡಿಕೊಂಡಿತು. ಅದಕ್ಕೆ ಬದಲಾಗಿ ರೈತರು ಸಬ್ಸಿಡಿಯ ಕರೆಂಟ್ ಸಂಪರ್ಕ ಕೇಳುವ ಹಕ್ಕನ್ನು ಬಿಟ್ಟುಕೊಟ್ಟರು. ಕೊಡುವುದೂ ಇತ್ತು, ಪಡೆಯುವುದೂ ಇತ್ತು. ಇಂಥ ವ್ಯವಹಾರ ನಮ್ಮ ರೈತರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಗುಜರಾತಿನ ತನಕ ಹೋಗುವುದೂ ಬೇಡ. ನಮ್ಮದೇ ರಾಜ್ಯ 2014ರಲ್ಲಿ 'ಸೂರ್ಯ ರೈತ' ಯೋಜನೆ ತಂದಿತ್ತು. ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗದಲ್ಲಿ ಪಂಪ್‌ಸೆಟ್‌ಗಳಿಗೆ ಲೈನಿಗೆ ಜೋಡಿಸಿದ ಸೋಲಾರ್ ಹಾಕಲಾಯಿತು. ಮಿಕ್ಕ ಕರೆಂಟನ್ನು ಕೊಳ್ಳುವ ದರ ಸಬ್ಸಿಡಿ ಪಡೆದವರಿಗೆ 7 ರೂಪಾಯಿ 20 ಪೈಸೆ, ಪಡೆಯದವರಿಗೆ 9 ರೂಪಾಯಿ 56 ಪೈಸೆ ಅಂತ ಗೊತ್ತು ಮಾಡಲಾಗಿತ್ತು. ಈಗ ಪ್ಯಾನಲ್ ಬೆಲೆ ಇಳಿದಿದೆ, ಆ ದರವನ್ನು ನಾನು ಕೇಳುವುದಿಲ್ಲ. ಕೇಳುವುದು ಆ ವಿಚಾರವನ್ನು. ದೇಶಕ್ಕೇ ಮೊದಲು ದಾರಿ ತೋರಿದ ರಾಜ್ಯಗಳಲ್ಲಿ ಒಂದಾಗಿದ್ದ ನಾವು ಆ ದಾರಿಯಲ್ಲಿ ಉತ್ತರ ಕರ್ನಾಟಕದ ತನಕ ಬರಲೇ ಇಲ್ಲ. ಕುಸುಮ್ ಯೋಜನೆಯ ಸಿ ಭಾಗದಲ್ಲಿ ಇದಕ್ಕೆ ಜಾಗವೂ ಇದೆ. ಕರೆಂಟ್ ಸಂಪರ್ಕ ಇರುವ ಪಂಪ್‌ಗೆ ಅದರ ಎರಡು ಪಟ್ಟು ಸಾಮರ್ಥ್ಯದ ಪ್ಯಾನಲ್ ಹಾಕಿ ಮಿಕ್ಕಿದ್ದನ್ನು ಮಾರಬಹುದು ಅಂತ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ಅಣ್ಣನಂಥವರಿಗೆ ಅದು ಸರಿಹೊಂದುತ್ತದೆ.

ಆದರೆ ನಮ್ಮ ರಾಜ್ಯ ಒತ್ತು ಕೊಟ್ಟಿದ್ದು ಫೀಡರ್ ಮಟ್ಟದ ಸೋಲಾರ್‌ಗೆ. ಫೀಡರ್ ಅಂದರೆ ಉಪಕೇಂದ್ರದಿಂದ ಹೊಲಗಳಿಗೆ ಕರೆಂಟ್ ಒಯ್ಯುವ ಲೈನು. ಉಪಕೇಂದ್ರದ ಹತ್ತಿರ ಖಾಸಗಿಯವರು ದೊಡ್ಡ ಘಟಕ ಕಟ್ಟುತ್ತಾರೆ, ಅಲ್ಲಿಂದ ಹೊಲಗಳಿಗೆ ಹಗಲು ಕರೆಂಟ್ ಬರುತ್ತದೆ. ಬೇಗ ಆಗುವ ಕೆಲಸ ಅದು. ರೋಣಿಹಾಳದ ಪ್ರಶ್ನೆಗೆ ಅದೊಂದು ನೇರ ಉತ್ತರವೂ ಹೌದು. ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಇನ್ನೂ ಜೋರಾಗಿ ಮಾಡಿ. ಆದರೆ ಅದರಲ್ಲಿ ಕರೆಂಟ್ ಮಾರುವವನು ಬೇರೆ. ರೈತ ಮೊದಲಿನ ಹಾಗೇ ಉಚಿತವಾಗಿ ಪಡೆಯುವವನಾಗಿ ಉಳಿಯುತ್ತಾನೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. 10 ಎಚ್‌ಪಿ ತನಕದವುಗಳ ಕರೆಂಟ್ ಬಾಬ್ತು ಸರ್ಕಾರ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕಟ್ಟುತ್ತಿದೆ. ಪುಕ್ಕಟೆ ಕರೆಂಟ್ ತಿನ್ನುವವರು ಅನ್ನುವ ಮಾತನ್ನು ನಾವು ಪೇಟೆಯವರ ಬಾಯಲ್ಲಿ ಕೇಳುತ್ತಲೇ ಇದ್ದೇವೆ. ಆ ಮಾತು ನೋಯಿಸುತ್ತದೆ ಸರ್. ಕರೆಂಟ್ ಕೊಡುವವರ ಸಾಲಿನಲ್ಲಿ ನಮ್ಮನ್ನೂ ನಿಲ್ಲಿಸಿ.

ನಿಮ್ಮ ಎಂಜಿನಿಯರ್‌ಗಳು ಕೆಲವು ಅಡ್ಡಿಗಳನ್ನು ಹೇಳುತ್ತಾರೆ. ಅವು ಸುಳ್ಳಲ್ಲ. ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಇಲ್ಲದಾಗ ತಾನೂ ಬಂದ್ ಆಗಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಹಾಗಾಗಿ ಹಗಲು ಹೊತ್ತು ಲೈನ್ ಜೀವಂತ ಇದ್ದರೆ ಮಾತ್ರ ರೈತ ಮಾರಬಲ್ಲ. ಸರಿ. ಫೀಡರ್ ಸೋಲಾರ್ ಆದ ಕಡೆ ಹಗಲು ಲೈನ್ ಇದ್ದೇ ಇರುತ್ತದಲ್ಲ. ಅಂಥ ಫೀಡರ್‌ಗಳಿಂದಲೇ ಶುರು ಮಾಡಬಹುದು. ಎರಡನೆಯದು, ಹೊಲಹೊಲಕ್ಕೂ ಮೀಟರ್ ಇಟ್ಟು ಓದುವುದು ಯಾರು ಅನ್ನುವುದು. ಢುಂಡಿಯವರ ಹಾಗೆ ಸಂಘಕ್ಕೆ ಒಂದು ಮೀಟರ್ ಇರಲಿ, ಒಳಗಿನ ಹಂಚಿಕೆ ಸಂಘ ನೋಡಿಕೊಳ್ಳುತ್ತದೆ.

ಮೂರನೆಯ ಮಾತು ಸ್ವಲ್ಪ ತೂಕದ್ದು. ಹಗಲು ಹೊತ್ತು ರಾಜ್ಯದಲ್ಲಿ ಸೌರ ವಿದ್ಯುತ್ ಈಗಲೇ ಬೇಕಾದಷ್ಟಿದೆ, ಕೊರತೆ ಇರುವುದು ಸಂಜೆಗೆ ಅನ್ನುತ್ತಾರೆ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇರುವಾಗ ಈ ಮಾತು ಬರುವುದು ಸಹಜ. ಆದರೆ ಪಾವಗಡದ ಕರೆಂಟ್ ನಮ್ಮ ಹೊಲ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಸೋರುತ್ತದೆ. ಲೈನಿನ ಕೊನೆಯಲ್ಲಿರುವ ನಮಗೆ ವೋಲ್ಟೇಜ್ ಸಿಗದೆ ಮೋಟರ್ ಸುಡುತ್ತವೆ. ಒಂದು ಸಲ ರಿವೈಂಡಿಂಗ್ ಮಾಡಿಸಲು ಬೋರಿನಿಂದ ಎತ್ತಿ ಮತ್ತೆ ಇಳಿಸುವ ಖರ್ಚು ಸೇರಿಸಿದರೆ ಎಷ್ಟಾಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ನನ್ನ ಪ್ಯಾನಲ್‌ನ ಮಿಕ್ಕ ಕರೆಂಟ್ ಬೆಂಗಳೂರಿಗೆ ಹೋಗಬೇಕಿಲ್ಲ. ಬದು ದಾಟಿ ಅಣ್ಣನ ಮೋಟರ್‌ಗೆ ಹೋಗುತ್ತದೆ. ಹುಟ್ಟಿದ ಕಡೆಯೇ ಖರ್ಚಾಗುವ ಯೂನಿಟ್‌ಗೆ ಸೋರಿಕೆ ಇಲ್ಲ, ಲೈನಿನ ಕೊನೆಯ ವೋಲ್ಟೇಜೂ ಸುಧಾರಿಸುತ್ತದೆ. ಆ ಯೂನಿಟ್‌ನ ಬೆಲೆಯನ್ನು ಪಾವಗಡದ ಯೂನಿಟ್ ಜೊತೆ ಹೋಲಿಸಿ ನೋಡಬಾರದು.

ಸಂಘ ಕಟ್ಟುವುದು ನಮಗೆ ಕಷ್ಟ ಅಂತ ಯಾರೂ ಹೇಳದಿರಲಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದಾಗ ಬ್ಯಾಂಕ್ ಅನ್ನುವುದನ್ನೇ ನಮ್ಮ ಹಳ್ಳಿಗಳು ಕಂಡಿರಲಿಲ್ಲ. ವಿದ್ಯುತ್ತಿನ ವಿಷಯದಲ್ಲೇ ಬೇಕೆಂದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಗೆ ಹೋಗಿ ನೋಡಬಹುದು. ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ತಾಲ್ಲೂಕಿನ ಹಳ್ಳಿಗಳಿಗೆ ಕರೆಂಟ್ ಹಂಚುತ್ತಾ ಬಂದಿದೆ. ಹಂಚಲು ಬಂದವರಿಗೆ ಕೂಡಿಸಿ ಮಾರಲು ಬರುವುದಿಲ್ಲವೇ? ಇಂಡಿಯಲ್ಲಿ ಲಿಂಬೆ ಅಭಿವೃದ್ಧಿ ಮಂಡಳಿ ಇದೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ. ಬೆಳೆಗಾರರು ಒಬ್ಬರಿಗೊಬ್ಬರು ಗೊತ್ತಿದ್ದಾರೆ. ಒಂದೇ ಬೆಳೆ, ಒಂದೇ ಹೊತ್ತಿಗೆ ನೀರು, ಒಂದೇ ಹೊತ್ತಿಗೆ ಬಂದ್. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಲೈನಿಗೆ ಜೋಡಿಸುವ ತನಕ ಮಾಡಬಹುದಾದ ಇನ್ನೊಂದು ಕೆಲಸ ಇದೆ. ಈಗ ಪ್ಯಾನಲ್ ಜೊತೆ ಬರುವ ಕಂಟ್ರೋಲರ್ (ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ಪಂಪ್ ಒಂದನ್ನೇ ಓಡಿಸುತ್ತದೆ. ಎಲ್ಲ ಕೆಲಸಕ್ಕೂ ಬರುವ ಯೂನಿವರ್ಸಲ್ ಕಂಟ್ರೋಲರ್ ಅಂತ ಇದೆ, ಕುಸುಮ್‌ನಲ್ಲೇ ಅದಕ್ಕೆ ಅವಕಾಶ ಇದೆ. ಅದಿದ್ದರೆ ನೀರು ಬೇಡದ ದಿನ ಅದೇ ಪ್ಯಾನಲ್‌ನಿಂದ ಜೋಳದ ಕಣಿಕೆ ಕತ್ತರಿಸುವ ಯಂತ್ರ ಓಡುತ್ತದೆ, ಹಿಟ್ಟಿನ ಗಿರಣಿ ಓಡುತ್ತದೆ, ಔಷಧ ಹೊಡೆಯುವ ಪಂಪಿನ ಬ್ಯಾಟರಿ ಚಾರ್ಜ್ ಆಗುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಮಣೂಕ (ಒಣದ್ರಾಕ್ಷಿ) ಮಾಡುವ ಶೆಡ್‌ಗಳಲ್ಲಿ ಗಾಳಿ ಆಡಿಸುವ ಫ್ಯಾನ್‌ಗೂ ಬಳಸಬಹುದು. ಫೆಬ್ರುವರಿ, ಮಾರ್ಚ್‌ನಲ್ಲಿ ಒಂದು ಅಕಾಲಿಕ ಮಳೆ ಬಂದರೆ ರ‍್ಯಾಕಿನ ಮೇಲಿನ ದ್ರಾಕ್ಷಿ ಕಪ್ಪಾಗಿ ದರ ಕಳೆದುಕೊಳ್ಳುತ್ತದೆ. ಆ ಎರಡು ದಿನ ಗಾಳಿ ಸಿಕ್ಕರೂ ಎಷ್ಟೋ ಮಾಲು ಉಳಿಯುತ್ತದೆ. ಮಾಮೂಲಿ ಕಂಟ್ರೋಲರ್ ಬದಲು ಇದನ್ನೇ ಎಲ್ಲರಿಗೂ ಕೊಡುವ ಹಾಗೆ ಟೆಂಡರ್‌ನಲ್ಲೇ ಬರೆಸಿ. ಈಗಾಗಲೇ ಹಾಕಿಸಿಕೊಂಡವರಿಗೆ ಬದಲಿಸಿಕೊಳ್ಳಲು ಸ್ವಲ್ಪ ನೆರವು ಕೊಡಿ.

ರಿಪೇರಿಯ ಮಾತನ್ನು ಬಿಡುವಂತಿಲ್ಲ. ಕಳೆದ ಬೇಸಿಗೆಯಲ್ಲಿ ಕಾಯಿ ಗಾತ್ರ ಹಿಡಿಯುವ ಹೊತ್ತಿಗೆ ನನ್ನ ಕಂಟ್ರೋಲರ್ ಕೆಟ್ಟಿತು. ಐದು ವರ್ಷ ದುರಸ್ತಿಯ ಜವಾಬ್ದಾರಿ ಪೂರೈಸಿದ ಕಂಪನಿಯದೇ. ಫೋನ್ ಎತ್ತಿದವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಅಂದರು. ಅವರ ಮೆಕ್ಯಾನಿಕ್ ಇರುವುದು ದೂರದ ಊರಲ್ಲಿ, ಅವನೊಬ್ಬನಿಗೆ ಹಲವು ತಾಲ್ಲೂಕು. ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡೆ, ಕಾಯಿ ಬಹಳ ಉದುರಿದವು. ಕರೆಂಟ್ ಮೋಟರ್ ಕೆಟ್ಟರೆ ಇಂಡಿಯ ರಿವೈಂಡಿಂಗ್ ಅಂಗಡಿಯಲ್ಲಿ ಮಾರನೆಯ ದಿನಕ್ಕೆ ಸಿಗುತ್ತದೆ. ಸೋಲಾರ್ ಕಂಟ್ರೋಲರ್ ಮುಟ್ಟಲು ಅಲ್ಲಿಯವರಿಗೆ ಕಲಿಸಿದವರಿಲ್ಲ, ಬಿಡಿಭಾಗ ಸಿಗುವುದಿಲ್ಲ. ಊರಲ್ಲಿ ಒಬ್ಬನ ಸೋಲಾರ್ ಹೀಗೆ ನಿಂತರೆ ಅದನ್ನು ನೋಡಿ ಅರ್ಜಿ ಹಾಕದೆ ಕೂರುವವರು ಬಹಳ ಮಂದಿ. ಐಟಿಐ ಕಲಿತ ಹುಡುಗರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರಿಗೆ ತರಬೇತಿ ಕೊಡಿ. ತಾಲ್ಲೂಕಿಗೊಂದು ಸರ್ವಿಸ್ ಸೆಂಟರ್, ಅಲ್ಲಿ ಒಂದಷ್ಟು ಬದಲಿ ಕಂಟ್ರೋಲರ್ ಇಡದ ಕಂಪನಿಗೆ ಮುಂದಿನ ಟೆಂಡರ್ ಕೊಡಬೇಡಿ. ಕೆಟ್ಟದ್ದನ್ನು ರಿಪೇರಿ ಮಾಡುವ ತನಕ ಬದಲಿ ಕಂಟ್ರೋಲರ್ ಕೂರಿಸಿ ಹೋಗಲಿ.

ಪ್ಯಾನಲ್ ಒಂದರಿಂದಲೇ ತೋಟ ಪೂರ್ತಿ ಬದಲಾಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ನಮ್ಮ ಮನೆಯಲ್ಲಿ ಗೋಬರ್ ಗ್ಯಾಸ್ ಇದೆ. ಎರಡು ಘನ ಮೀಟರ್‌ನದು, ನಾಲ್ಕೈದು ದನ ಇದ್ದರೆ ದಿನಕ್ಕೆ ಬೇಕಾದ 50 ಕಿಲೊ ಸೆಗಣಿ ಸಿಗುತ್ತದೆ. ಒಂದು ಕುಟುಂಬದ ಅಡುಗೆ ನಡೆಯುತ್ತದೆ. ಉಳಿದ ರಾಡಿ ಲಿಂಬೆ ಗಿಡಕ್ಕೆ ಒಳ್ಳೆಯ ಗೊಬ್ಬರ. ಊರಲ್ಲಿ ಹಳೆಯ ಗೋಬರ್ ಗ್ಯಾಸ್ ಗುಂಡಿಗಳು ಎಷ್ಟೋ ಇವೆ, ದನ ಮಾರಿದ ಮೇಲೆ ಅವು ಮುಚ್ಚಿಹೋದವು. ಅದು ನಿಮ್ಮ ಇಲಾಖೆಗೆ ಸೇರಿದ್ದಲ್ಲ ಅನ್ನಬಹುದು. ಆದರೂ ಹೇಳಿದೆ, ಯಾಕೆಂದರೆ ತೋಟದಲ್ಲಿ ಇವೆಲ್ಲ ಬೇರೆಬೇರೆ ಇಲಾಖೆಗಳಾಗಿ ಇರುವುದಿಲ್ಲ.

ಇನ್ನು 20 ಪರ್ಸೆಂಟ್ ಕಟ್ಟಲೂ ಆಗದವರು ಇದ್ದಾರೆ. ಎರಡು ಎಕರೆ, ಮೂರು ಎಕರೆಯವರು. ಬೋರು ಕೊರೆಸಿದ ಸಾಲವೇ ಅವರ ತಲೆ ಮೇಲಿರುತ್ತದೆ. ಮಿಕ್ಕ ಕರೆಂಟನ್ನು ಕೊಳ್ಳುವ ಕರಾರು ಕೈಯಲ್ಲಿದ್ದರೆ ಆ ಕಾಗದ ನೋಡಿ ಸೊಸೈಟಿಯೋ ಬ್ಯಾಂಕೋ ಆ 20 ಪರ್ಸೆಂಟ್‌ಗೆ ಸಾಲ ಕೊಡಬಹುದು. ಬರುವ ದುಡ್ಡಿನಿಂದಲೇ ಕಂತು ಹೋಗುತ್ತದೆ. ಸಣ್ಣ ರೈತನನ್ನು ಈ ಯೋಜನೆಯೊಳಗೆ ತರಲು ನನಗೆ ಕಾಣುವ ಗಟ್ಟಿ ದಾರಿ ಇದೇ.

ಕೊನೆಗೆ ನನ್ನ ಕೋರಿಕೆಯನ್ನು ಬಿಡಿಸಿ ಹೇಳುತ್ತೇನೆ. ಇಂಡಿ ತಾಲ್ಲೂಕಿನಲ್ಲಿ ಲಿಂಬೆ ತೋಟಗಳಿರುವ ಒಂದೇ ಒಂದು ಕೃಷಿ ಫೀಡರ್ ಆರಿಸಿ. ಅದಕ್ಕೆ ಹಗಲು ಕರೆಂಟ್ ಖಾತ್ರಿ ಮಾಡಿ. ಆ ಫೀಡರ್‌ನ ಸೌರ ಪಂಪ್ ರೈತರು ಸಂಘ ಕಟ್ಟಿಕೊಳ್ಳಲಿ, ಸಂಘದ ಮಿಕ್ಕ ಕರೆಂಟನ್ನು ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂ ಕೊಳ್ಳಲಿ. ದರವನ್ನು ವಿದ್ಯುತ್ ನಿಯಂತ್ರಣ ಆಯೋಗ ಹೇಳಲಿ. ಜೊತೆಗೇ ಆ ಫೀಡರ್‌ನ ಬೋರುಗಳ ನೀರಿನ ಮಟ್ಟವನ್ನು ಅಂತರ್ಜಲ ಇಲಾಖೆಯವರು ಅಳೆಯುತ್ತಾ ಹೋಗಲಿ. ನೀರು ಉಳಿಯುತ್ತದೆ ಅನ್ನುವ ನನ್ನ ಮಾತು ನಿಜವೋ ಸುಳ್ಳೋ ಅನ್ನುವುದನ್ನು ಆ ಅಳತೆಯೇ ಹೇಳುತ್ತದೆ. ನೀರು ಇಳಿಯುತ್ತಲೇ ಹೋದರೆ ಯೋಜನೆ ನಿಲ್ಲಿಸಿ, ನಾವು ಬೇಡ ಅನ್ನುವುದಿಲ್ಲ.

ಜಾಗ ತೋರಿಸಲು, ರೈತರನ್ನು ಕೂಡಿಸಲು, ನಮ್ಮ ಪಂಪ್‌ಗಳ ಲೆಕ್ಕ ಬರೆದಿಟ್ಟು ಕೊಡಲು ನಾವು ಕೆಲವು ಬೆಳೆಗಾರರು ತಯಾರಿದ್ದೇವೆ. ಮೊದಲ ಸಭೆಯನ್ನು ಹಸ್ತ ಮಳೆ ಬರುವ ಮುಂಚೆ ಕರೆಯಿರಿ. ಆಮೇಲೆ ಬಹಾರದ ಕೆಲಸ ಶುರುವಾದರೆ ತೋಟ ಬಿಟ್ಟು ಬರುವುದು ನಮಗೆ ಕಷ್ಟ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲಿಂಬೆ ಬೆಳೆಗಾರ,
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ